ಡೀಸೆಲ್ ನೆತ್ತಿಗೆ ಹತ್ತಿ ಕೆಮ್ಮು ನಿಂತರೆ ಮುಗಿಯಿತಾ?

ಈ ವಾರ ಬೆಳೆ, ಗೊಬ್ಬರ, ಮಾರ್ಕೆಟ್ ರೇಟು ಎಲ್ಲಾ ಪಕ್ಕಕ್ಕಿಟ್ಟು ಒಂದು ಪೈಪಿನ ಬಗ್ಗೆ ಬರೀತಿದೀನಿ. ಪಂಪ್‌ಹೌಸಿನ ಮೂಲೆಯಲ್ಲಿ ಮೊಳೆಗೆ ಸುತ್ತಿ ನೇತುಹಾಕಿರ್ತಾರಲ್ಲ, ಒಂದೂವರೆ ಎರಡು ಮೀಟರ್ ಉದ್ದದ ಹಳೇ ಪ್ಲಾಸ್ಟಿಕ್ ಪೈಪು, ಅದು. ಟ್ರ್ಯಾಕ್ಟರ್ ಟ್ಯಾಂಕಿನಿಂದ ಕ್ಯಾನಿಗೆ, ಡ್ರಮ್ಮಿನಿಂದ ಪವರ್ ಟಿಲ್ಲರಿಗೆ, ಬೈಕಿನಿಂದ ಬ್ರಷ್ ಕಟರಿಗೆ ಎಣ್ಣೆ ಇಳಿಸಬೇಕಾದರೆ ಪೈಪಿನ ಒಂದು ತುದಿ ಟ್ಯಾಂಕಿಗೆ, ಇನ್ನೊಂದು ತುದಿ ಬಾಯಿಗೆ. ಒಂದು ಸಲ ಜೋರಾಗಿ ಎಳೆಯೋದು, ಎಣ್ಣೆ ಬಾಯಿಗೆ ಬರೋ ಮುಂಚೆ ತೆಗೆದು ಕ್ಯಾನಿಗೆ ಹಿಡಿಯೋದು.

ಬಹಳ ಸಲ ಏನೂ ಆಗಲ್ಲ. ಯಾವತ್ತೋ ಒಂದಿನ ಲೆಕ್ಕ ತಪ್ಪಿ ಒಂದು ಗುಟುಕು ಗಂಟಲಿಗೆ ಇಳಿದು ನೆತ್ತಿಗೆ ಹತ್ತುತ್ತೆ. ಕಣ್ಣಲ್ಲಿ ನೀರು ಬರೋ ಹಂಗೆ ಕೆಮ್ಮು. ಹತ್ತು ನಿಮಿಷಕ್ಕೆ ಕೆಮ್ಮು ನಿಲ್ಲುತ್ತೆ, "ಏನಿಲ್ಲ ಬಿಡು" ಅಂತ ಹುಡುಗರು ಕೆಲಸಕ್ಕೆ ಹೋಗ್ತಾರೆ. ಆ "ಏನಿಲ್ಲ ಬಿಡು" ಅನ್ನೋ ಮಾತಿನ ಮೇಲೇ ನನ್ನ ತಕರಾರು. ಶ್ವಾಸಕೋಶಕ್ಕೆ ಹೋದ ಆ ಒಂದು ಚಮಚೆ ಡೀಸೆಲ್ ಮಾಡೋ ಗಾಯ ಅರ್ಧ ಮಾತ್ರ. ಉಳಿದರ್ಧ ಮಾಡೋದು ಆ ಗಾಯ ನೋಡಿ ಓಡಿಬರೋ ನಮ್ಮದೇ ದೇಹದ ಪಡೆ. ಡಾಕ್ಟರುಗಳು ಅದಕ್ಕೆ ಉರಿಯೂತ ಅಂತಾರೆ. ಆ ಪಡೆ ಬಂದು ಸೇರೋಕೆ ಕೆಲವು ಗಂಟೆ ಹಿಡಿಯುತ್ತೆ. ಕೆಮ್ಮು ನಿಂತು ಎಲ್ಲಾ ಸರಿಯಾಯ್ತು ಅನ್ಕೊಂಡಿರೋ ಹೊತ್ತಲ್ಲೇ ಒಳಗೆ ಈ ಕೆಲಸ ನಡೀತಿರುತ್ತೆ.

ನಮ್ಮ ಬೀದಿಯಲ್ಲಿ ಆದದ್ದು

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಒಬ್ಬ ಹುಡುಗ, ವಯಸ್ಸು ಇಪ್ಪತ್ಮೂರು, ಮೆಕ್ಕೆಜೋಳದ ಹೊಲಕ್ಕೆ ನೀರು ಬಿಡೋಕೆ ಟ್ರ್ಯಾಕ್ಟರಿನಿಂದ ಡೀಸೆಲ್ ಎಳೆದ. ಬೆಳಿಗ್ಗೆ ಹನ್ನೊಂದರ ಹೊತ್ತು. ನೆತ್ತಿಗೆ ಹತ್ತಿತು, ಕೆಮ್ಮಿದ. ಮನೆಗೆ ಬಂದಾಗ ಬಾಯಿ ಡೀಸೆಲ್ ವಾಸನೆ ಹೊಡೀತಿದ್ದದ್ದು ನೋಡಿ ಅಜ್ಜಿ ಒಂದು ಚೊಂಬು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ರು. ಅಜ್ಜಿ ಮಾಡಿದ್ದು ಪ್ರೀತಿಯಿಂದ. ಆದರೆ ಹೊಟ್ಟೆಗೆ ಹೋಗಿದ್ದ ಡೀಸೆಲ್ಲು ವಾಂತಿಯಾಗಿ ಮೇಲೆ ಬರುವಾಗ ಇನ್ನೊಂದು ಸಲ ಉಸಿರಿನ ದಾರಿಗೆ ಹೋಗೋ ಅವಕಾಶ ಸಿಕ್ಕಿತು.

ಮಧ್ಯಾಹ್ನ ಅವನೇ ಸಿಕ್ಕಾಗ ಕೇಳಿದೆ. "ಏನಿಲ್ಲಣ್ಣ, ಸ್ವಲ್ಪ ನೆತ್ತಿಗೆ ಹತ್ತಿತ್ತು. ಈಗ ಆರಾಮಿದೀನಿ" ಅಂದ. ನಿಜವಾಗಿಯೂ ಆರಾಮಾಗೇ ಕಾಣ್ತಿದ್ದ. ಸಂಜೆ ಜ್ವರ ಬಂತು. ಊಟ ಸೇರಲಿಲ್ಲ. ರಾತ್ರಿ ಬಲಗಡೆ ಪಕ್ಕೆ ನೋವು, ಮಲಗಿದರೆ ಉಸಿರು ಸಾಲದು, ಎದ್ದು ಕೂತರೆ ವಾಸಿ. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಅವರ ಮನೆಯಲ್ಲಿತ್ತು. ಬೆರಳಿಗೆ ಹಾಕಿದರೆ 89. ಆಮೇಲೆ 108ಕ್ಕೆ ಫೋನ್, ಐದು ದಿನ ಆಸ್ಪತ್ರೆ, ಮೂಗಿಗೆ ಆಕ್ಸಿಜನ್. ಈಗ ಚೆನ್ನಾಗಿದಾನೆ. ಒಂದು ತಿಂಗಳವರೆಗೆ ಮೆಟ್ಟಿಲು ಹತ್ತಿದರೆ ಕೆಮ್ಮು ಬರ್ತಿತ್ತು, ಅಷ್ಟೇ.

ಬಲಗಡೆಯೇ ಯಾಕೆ ಅಂತ ನಾನು ಡಾಕ್ಟರನ್ನ ಕೇಳಿದೆ. ಗಂಟಲಿನ ಗಾಳಿಕೊಳವೆ ಎದೆಯೊಳಗೆ ಎರಡಾಗಿ ಕವಲೊಡೆಯುತ್ತೆ. ಬಲಗಡೆ ಕವಲು ಅಗಲ, ಹೆಚ್ಚು ನೆಟ್ಟಗೆ. ಜಾರಿದ್ದು ಸಾಮಾನ್ಯವಾಗಿ ಆ ಕಡೆಗೇ ಹೋಗಿ ಕೆಳಭಾಗದಲ್ಲಿ ಕೂರುತ್ತೆ. ಡ್ರಿಪ್ ಲೈನಿನಲ್ಲಿ ನೇರವಾಗಿರೋ ಕವಲಿಗೆ ಕಸ ಜಾಸ್ತಿ ಹೋಗೋ ಹಂಗೆ.

ಸ್ಪ್ರೇಗೆ ಹಾಕೋ ಸ್ಪ್ರೆಡರ್ ಶ್ವಾಸಕೋಶದಲ್ಲೂ ಇದೆ

ಔಷಧಿ ಹೊಡೆಯುವಾಗ ಟ್ಯಾಂಕಿಗೆ ಸ್ಪ್ರೆಡರ್ ಹಾಕ್ತೀವಿ. ಹಾಕದಿದ್ದರೆ ಎಲೆಕೋಸಿನ ಎಲೆ ಮೇಲೆ, ಈರುಳ್ಳಿ ಗರಿ ಮೇಲೆ ಹನಿ ಗುಂಡಗೆ ನಿಂತು ಉರುಳಿಹೋಗುತ್ತೆ. ಸ್ಪ್ರೆಡರ್ ಹಾಕಿದರೆ ಅದೇ ಹನಿ ಎಲೆ ತುಂಬಾ ತೆಳ್ಳಗೆ ಹರಡುತ್ತೆ. ನೀರಿನ ಬಿಗುವನ್ನ ಸಡಿಲ ಮಾಡೋದು ಅದರ ಕೆಲಸ.

ನಮ್ಮ ಶ್ವಾಸಕೋಶದೊಳಗೆ ದ್ರಾಕ್ಷಿ ಗೊಂಚಲಿನಂಥ ಸಣ್ಣ ಗಾಳಿಚೀಲಗಳು 30 ಕೋಟಿಗೂ ಮಿಕ್ಕಿ ಇವೆ. ಎಲ್ಲಾ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ ಮುಕ್ಕಾಲು ಗುಂಟೆ ಹತ್ತಿರ ಜಾಗ. ಒಂದೊಂದು ಚೀಲದ ಒಳಗೂ ತೇವ ಇರುತ್ತೆ. ಆ ತೇವದ ಬಿಗುವಿಗೆ ಚೀಲ ಮುದುರಿಕೊಳ್ಳಬೇಕಿತ್ತು. ಮುದುರದ ಹಾಗೆ ದೇಹವೇ ಒಂದು ಸ್ಪ್ರೆಡರ್ ತಯಾರು ಮಾಡಿ ಒಳಗೋಡೆಗೆ ಹಚ್ಚಿರುತ್ತೆ. ಗಾಳಿಗೂ ರಕ್ತಕ್ಕೂ ನಡುವೆ ಇರೋ ಗೋಡೆ ಎಷ್ಟು ತೆಳು ಅಂದ್ರೆ, ಒಂದು ಮಿಲಿಮೀಟರನ್ನ ಸಾವಿರ ಭಾಗ ಮಾಡಿದರೆ ಬರೋ ಒಂದು ಭಾಗಕ್ಕಿಂತಲೂ ತೆಳು. ಆಕ್ಸಿಜನ್ ದಾಟಬೇಕಾದರೆ ಅಷ್ಟು ತೆಳು ಇರಲೇಬೇಕು.

ಡೀಸೆಲ್, ಸೀಮೆಎಣ್ಣೆ, ಪೆಟ್ರೋಲು ಇವೆಲ್ಲ ನೀರಿನಂತೆ ತೆಳ್ಳಗೆ ಓಡೋ ಎಣ್ಣೆಗಳು. ಗೇರ್ ಆಯಿಲ್ ಆಗಿದ್ದರೆ ದಪ್ಪ, ಗಂಟಲಲ್ಲೇ ಅಂಟಿಕೊಳ್ಳುತ್ತೆ. ಇವು ಹಾಗಲ್ಲ, ಒಂದು ಸಲ ಗಾಳಿಕೊಳವೆಗೆ ಬಿದ್ದರೆ ಸರಸರ ಒಳಗೆ ಹರಡ್ತವೆ. ಹೋದಲ್ಲೆಲ್ಲ ಆ ಸ್ಪ್ರೆಡರನ್ನ ಕೆಡಿಸಿ, ತೆಳು ಗೋಡೆಯನ್ನ ಸುಡ್ತವೆ. ಅಲ್ಲಲ್ಲಿ ಚೀಲಗಳು ಮುದುರಿಕೊಳ್ಳುತ್ತವೆ. ಇದೇ ಡೀಸೆಲ್ಲು ಹೊಟ್ಟೆಗೆ ಒಂದೆರಡು ಗುಟುಕು ಹೋದರೆ ತೇಗು, ಉರಿ, ಭೇದಿ ಆಗಬಹುದು, ಅದರಲ್ಲಿ ರಕ್ತಕ್ಕೆ ಸೇರೋದು ಕಡಿಮೆ. ಹೊಟ್ಟೆ ತಡೆದುಕೊಳ್ಳೋದನ್ನ ಶ್ವಾಸಕೋಶ ತಡೆಯಲ್ಲ. ಹೊಟ್ಟೆಯಿಂದ ಹೊರಗೆ ತೆಗೆಯೋಕೆ ಹೋಗಬೇಡಿ ಅನ್ನೋದು ಇದಕ್ಕೇ.

ಕೆಚ್ಚಲು ಬಾವು ನೋಡಿದವರಿಗೆ ಉರಿಯೂತ ಗೊತ್ತು

ಉರಿಯೂತ ಅನ್ನೋದು ಪುಸ್ತಕದ ಪದದ ಥರ ಕೇಳಿಸುತ್ತೆ. ಹಸು ಕಟ್ಟಿದವರಿಗೆ ಅದು ದಿನಾ ನೋಡೋ ವಿಷಯ. ಕೆಚ್ಚಲು ಬಾವು ಬಂದಾಗ ಏನಾಗುತ್ತೆ ಅಂತ ನೆನಪಿಸಿಕೊಳ್ಳಿ. ಆ ಭಾಗ ಊದುತ್ತೆ, ಕೆಂಪಾಗುತ್ತೆ, ಕೈ ಇಟ್ಟರೆ ಬಿಸಿ, ಹಸು ಮುಟ್ಟಗೊಡಲ್ಲ. ಹಾಲು ನೀರಾಗುತ್ತೆ, ಗರಣೆ ಗರಣೆ ಬರುತ್ತೆ. ಡೇರಿಯವರು ನಾಲ್ಕು ಗುಳಿಯ ತಟ್ಟೆಯಲ್ಲಿ ಹಾಲು ಹಿಂಡಿ ದ್ರಾವಣ ಹಾಕಿ ಅಲ್ಲಾಡಿಸಿದಾಗ ಹಾಲು ಲೋಳೆಯಾಗುತ್ತಲ್ಲ, ಅದು ಹಾಲಿಗೆ ಬಂದು ಸೇರಿರೋ ಬಿಳಿ ರಕ್ತಕಣಗಳ ಲೋಳೆ. ಆರೋಗ್ಯವಾಗಿರೋ ಕೆಚ್ಚಲಿನ ಹಾಲಲ್ಲಿ ಒಂದು ಮಿಲಿಲೀಟರಿಗೆ 2 ಲಕ್ಷಕ್ಕಿಂತ ಕಡಿಮೆ ಇರೋ ಕಣಗಳು ಬಾವು ಬಂದಾಗ ಹಲವು ಪಟ್ಟು ಏರುತ್ತವೆ. ಹಾಲು ನೀರಾಗೋದು ಯಾಕಂದ್ರೆ, ಆ ಕಣಗಳಿಗೆ ದಾರಿ ಬಿಡೋಕೆ ರಕ್ತನಾಳಗಳು ಸಂದು ಮಾಡಿಕೊಡ್ತವೆ. ಅದೇ ಸಂದಿನಿಂದ ರಕ್ತದ ನೀರೂ ಸೋರುತ್ತೆ.

ಕೆಚ್ಚಲಿನ ಒಳಗೂ ಹಾಲು ತಯಾರಾಗೋದು ಗೊಂಚಲು ಗೊಂಚಲಾದ ಸಣ್ಣ ಚೀಲಗಳಲ್ಲೇ. ಈಗ ಅದೇ ಕಥೆಯನ್ನ ಶ್ವಾಸಕೋಶಕ್ಕೆ ಹಾಕಿ ನೋಡಿ.

ಗಾಳಿಚೀಲದೊಳಗೆ ಸದಾ ಗಸ್ತು ತಿರುಗೋ ಕಾವಲು ಕಣಗಳಿವೆ. ಗೋಡೆ ಸುಟ್ಟದ್ದು ಗೊತ್ತಾದ ಕೂಡಲೇ ಅವು ಕೂಗು ಹಾಕ್ತವೆ. ಆ ಕೂಗು ರಾಸಾಯನಿಕದ ರೂಪದಲ್ಲಿರುತ್ತೆ, ಕೊರೊನಾ ಕಾಲದಲ್ಲಿ ಟಿವಿಯವರು ದಿನಾ ಹೇಳ್ತಿದ್ದ ಸೈಟೊಕೈನ್ ಅಂದ್ರೆ ಇದೇ. ಕೂಗು ಕೇಳಿ ರಕ್ತದಲ್ಲಿ ಹರೀತಿರೋ ನ್ಯೂಟ್ರೊಫಿಲ್ ಅನ್ನೋ ಬಿಳಿ ಕಣಗಳು ಗುಂಪಾಗಿ ನುಗ್ಗುತ್ತವೆ. ಮುಳ್ಳು ಚುಚ್ಚಿದ ಜಾಗದಲ್ಲಿ ಕೀವಾಗಿ ಕಾಣೋದು ಬಹುಪಾಲು ಇವೇ ಕಣಗಳು. ರೋಗಾಣುವನ್ನ ಕರಗಿಸೋ ತೀಕ್ಷ್ಣ ದ್ರವ ಇವುಗಳ ಹತ್ತಿರ ಇರುತ್ತೆ. ಡೀಸೆಲ್ ಬಿದ್ದ ಜಾಗದಲ್ಲಿ ರೋಗಾಣು ಇಲ್ಲ. ಆದರೂ ಅವು ಸುರಿಯೋದು ಸುರೀತವೆ. ಹುಳ ಇಲ್ಲದ ಹೊಲಕ್ಕೆ ಔಷಧಿ ಹೊಡೆದು ಎಲೆ ಸುಟ್ಟ ಹಂಗೆ, ಅಕ್ಕಪಕ್ಕ ಚೆನ್ನಾಗಿದ್ದ ಗೋಡೆಯೂ ಸುಡುತ್ತೆ. ರಕ್ತನಾಳ ಇನ್ನೂ ಸೋರುತ್ತೆ. ಗಾಳಿ ಇರಬೇಕಾದ ಚೀಲದಲ್ಲಿ ನೀರು ತುಂಬುತ್ತೆ. ಗದ್ದೆಯಲ್ಲಿ ಬದು ಒಡೆದು ನೀರು ಪಕ್ಕದ ತಾಕಿಗೆ ನುಗ್ಗೋ ಥರ, ಒಂದು ಕಡೆ ಶುರುವಾದದ್ದು ಹರಡ್ತಾ ಹೋಗುತ್ತೆ.

ಕೆಚ್ಚಲಿನ ಒಂದು ಭಾಗ ಬತ್ತಿಹೋದರೂ ಹಸು ಬದುಕುತ್ತೆ, ಮೂರು ಮೊಲೆಯಲ್ಲಿ ಹಾಲು ಕೊಡುತ್ತೆ. ಶ್ವಾಸಕೋಶದ ದೊಡ್ಡ ಭಾಗದಲ್ಲಿ ನೀರು ತುಂಬಿದರೆ ನಿಮಿಷ ನಿಮಿಷಕ್ಕೂ ಆಕ್ಸಿಜನ್ ಬೇಕಿರೋ ದೇಹ ಏನು ಮಾಡಬೇಕು? ಆ ಹುಡುಗನಿಗೆ ರಾತ್ರಿ 89 ತೋರಿಸಿದ್ದು ಇದನ್ನೇ. ಸಂಜೆ ಬಂದ ಜ್ವರವೂ ಉರಿಯೂತದ್ದೇ, ಸೋಂಕಿನದ್ದಲ್ಲ.

ಹಾಗಂತ ಉರಿಯೂತವನ್ನ ಬೈಯೋಕೂ ಆಗಲ್ಲ. ಗಾಯದ ಕಸ ಗುಡಿಸೋದು ಅದೇ, ರೋಗಾಣು ಬಂದರೆ ಕಾಯೋದೂ ಅದೇ. ಕೆಲಸ ಮುಗಿದ ಮೇಲೆ ಕಾವಲು ಕಣಗಳೇ ಸತ್ತ ನ್ಯೂಟ್ರೊಫಿಲ್‌ಗಳನ್ನ ನುಂಗಿ ಜಾಗ ಖಾಲಿ ಮಾಡ್ತವೆ, ಉಳಿದ ಕಣಗಳು ಹೊಸ ಗೋಡೆ ಕಟ್ತವೆ, ನೀರನ್ನ ಮತ್ತೆ ರಕ್ತಕ್ಕೆ ಎಳೆದು ಹಾಕ್ತವೆ. ಡೀಸೆಲ್ ಎಳೆಯೋಕೆ ಹೋಗಿ ಹೀಗಾದವರಲ್ಲಿ ಹೆಚ್ಚಿನವರು ಸರಿಯಾದ ಹೊತ್ತಿಗೆ ಆಸ್ಪತ್ರೆ ಸೇರಿದರೆ ಕೆಲವು ದಿನ, ಕೆಲವು ವಾರದಲ್ಲಿ ಚೇತರಿಸಿಕೊಳ್ಳೋದು ಇದರಿಂದಲೇ. ಕೆಲವರಿಗೆ ಮಾತ್ರ ಅದು ಹತೋಟಿ ಮೀರುತ್ತೆ.

ಹತೋಟಿ ಮೀರಿದ ಈ ಸ್ಥಿತಿಯನ್ನ ಮೊದಲು ಸರಿಯಾಗಿ ಗುರುತಿಸಿ ಬರೆದದ್ದು 1967ರಲ್ಲಿ, ಅಮೆರಿಕದ ಡೆನ್ವರ್‌ನ ಡಾಕ್ಟರುಗಳು. ಅವರು ನೋಡಿದ್ದು 12 ರೋಗಿಗಳನ್ನ. ಒಬ್ಬರಿಗೆ ಅಪಘಾತ, ಇನ್ನೊಬ್ಬರಿಗೆ ನ್ಯೂಮೋನಿಯಾ, ಮತ್ತೊಬ್ಬರಿಗೆ ಬೇರೆ ಏನೋ. ಕಾರಣ ಬೇರೆ ಬೇರೆ ಇದ್ದರೂ ಎಲ್ಲರ ಶ್ವಾಸಕೋಶ ಕೆಟ್ಟ ರೀತಿ ಒಂದೇ ಥರ ಇತ್ತು. ಇಂಥ ರೋಗಿಗಳಿಗೆ ವೆಂಟಿಲೇಟರಿನಲ್ಲಿ ದೊಡ್ಡ ದೊಡ್ಡ ಉಸಿರು ತುಂಬೋದು ಆಗಿನ ಪದ್ಧತಿ. ಹಾಗೆ ಹಿಗ್ಗಿಸೋದರಿಂದಲೇ ಉರಿಯೂತ ಇನ್ನೂ ಹೆಚ್ಚುತ್ತೆ ಅಂತ ಅನುಮಾನ ಬಂದು, 861 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2000ದಲ್ಲಿ ಫಲಿತಾಂಶ ಕೊಟ್ಟರು. ದೊಡ್ಡ ಉಸಿರು ತುಂಬಿದ ಗುಂಪಿನಲ್ಲಿ ನೂರಕ್ಕೆ ಸುಮಾರು 40 ಜನ ಸತ್ತರೆ, ಸಣ್ಣ ಉಸಿರು ಕೊಟ್ಟ ಗುಂಪಿನಲ್ಲಿ 31. ಹೊಸ ಔಷಧಿ ಏನೂ ಇಲ್ಲ, ಯಂತ್ರದ ಗುಂಡಿ ಸ್ವಲ್ಪ ಕೆಳಗೆ ತಿರುಗಿಸಿದ್ದು ಅಷ್ಟೇ. ನನಗಂತೂ ಈ ವಿಷಯ ಓದಿದಾಗ ಆಶ್ಚರ್ಯ ಆಯ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಉರಿಯೂತ ಅಂದ ಕೂಡಲೇ ಊರಲ್ಲಿ ಯಾರೋ ಒಬ್ಬರು "ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸು, ಬೆಳಿಗ್ಗೆ ಹೊತ್ತಿಗೆ ಸರಿಯಾಗ್ತದೆ" ಅಂತಾರೆ. ಡೀಸೆಲ್, ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋದಾಗ ಎಲ್ಲರಿಗೂ ಸ್ಟಿರಾಯ್ಡ್ ಕೊಟ್ಟರೆ ಲಾಭ ಅಂತ ಸಾಬೀತಾಗಿಲ್ಲ. ಕೊರೊನಾ ಸಮಯದಲ್ಲಿ 2020ರ ಬ್ರಿಟನ್ ಪರೀಕ್ಷೆಯಲ್ಲೂ ಡೆಕ್ಸಾಮೆಥಸೋನ್ ಜೀವ ಉಳಿಸಿದ್ದು ಆಕ್ಸಿಜನ್ ಅಥವಾ ವೆಂಟಿಲೇಟರ್ ಬೇಕಾದವರಲ್ಲಿ ಮಾತ್ರ. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಉಪಯೋಗ ಆಗಲಿಲ್ಲ. ಆಂಟಿಬಯಾಟಿಕ್ ಕೂಡ ಹಾಗೇ, ಆಮೇಲೆ ಸೋಂಕು ಸೇರಿಕೊಂಡರೆ ಬೇಕು. ಮೆಡಿಕಲ್ ಶಾಪಿನಲ್ಲಿ ನಾವೇ ಕೇಳಿ ತಗೊಳ್ಳೋ ವಿಷಯ ಅಲ್ಲ ಇದು.

ನೆತ್ತಿಗೆ ಹತ್ತಿದ ಮೇಲೆ

ಉಗಿದು, ಬಾಯಿ ಮುಕ್ಕಳಿಸಿ. ಮೈ ಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳೀರಿ. ಬೀಡಿ, ಸಿಗರೇಟು ಹತ್ತಿರ ಬರಬಾರದು. ಉಪ್ಪುನೀರು, ಹುಣಸೆ ನೀರು, ಗಂಟಲಿಗೆ ಬೆರಳು, ಯಾವುದೂ ಬೇಡ. ಹಾಲು, ತುಪ್ಪ ಬಲವಂತವಾಗಿ ಕುಡಿಸೋದೂ ಬೇಡ. ವಾಂತಿ ತಾನಾಗೇ ಬಂದರೆ ಮುಂದಕ್ಕೆ ಬಾಗಿಸಿ ಕೂರಿಸಿ, ಅಂಗಾತ ಮಲಗಿಸಬೇಡಿ.

ಕೆಮ್ಮು ಅಥವಾ ಉಸಿರು ಕಟ್ಟಿದ ಹಾಗೆ ಆಗಿದ್ದರೆ, ಅದು ಒಂದೇ ನಿಮಿಷ ಇದ್ದರೂ, ಆಸ್ಪತ್ರೆಗೆ ಹೋಗಿ. ಅಲ್ಲಿ ಕನಿಷ್ಠ ಆರು ಗಂಟೆ ಇಟ್ಟುಕೊಂಡು ನೋಡ್ತಾರೆ. ಹೋದ ತಕ್ಷಣ ತೆಗೆದ ಎಕ್ಸ್‌ರೇ ಚೆನ್ನಾಗಿದೆ ಅಂದರೆ ಎದ್ದು ಬರಬೇಡಿ. ಚೀಲದಲ್ಲಿ ನೀರು ತುಂಬಿದ ಮೇಲೆ ತಾನೇ ಫಿಲ್ಮಿನಲ್ಲಿ ಬಿಳಿ ಕಾಣೋದು? ಅದಕ್ಕೆ ಹಲವು ಗಂಟೆ ಬೇಕು. ಆರರಿಂದ ಎಂಟು ಗಂಟೆ ಯಾವ ಲಕ್ಷಣವೂ ಇಲ್ಲದೆ, ಆಮೇಲಿನ ಎಕ್ಸ್‌ರೇ ಕೂಡ ಸರಿ ಇದ್ದರೆ ಡಾಕ್ಟರೇ ಕಳಿಸ್ತಾರೆ.

ಜ್ವರ, ಬಿಡದ ಕೆಮ್ಮು, ಎದೆ ಅಥವಾ ಪಕ್ಕೆ ನೋವು, ಮಾತಾಡುವಾಗ ಉಸಿರು ಸಾಲದೇ ನಿಲ್ಲೋದು, ತುಟಿ ಉಗುರು ನೀಲಿ, ಮಂಪರು, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ 108. ಮೊಬೈಲಿನ ಸ್ಟಾಪ್‌ವಾಚ್ ಹಾಕಿ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. ದೊಡ್ಡವರಿಗೆ ಸುಮ್ಮನೆ ಕೂತಿದ್ದಾಗ 20 ದಾಟಿ ಏರ್ತಾ ಹೋಗ್ತಿದ್ದರೆ ಅದೂ ಒಂದು ಸೂಚನೆ. ಕುಡಿದದ್ದು ಏನು ಅನ್ನೋದು ಡಾಕ್ಟರಿಗೆ ಬೇಕು, ಕ್ಯಾನಿನ ಅಥವಾ ಬಾಟಲಿಯ ಲೇಬಲ್ ಫೋಟೋ ಹೊಡೆದುಕೊಳ್ಳಿ. ವಿಷದ ಮಾಹಿತಿಗೆ ದೆಹಲಿಯ ಏಮ್ಸ್ ಕೇಂದ್ರದ ಉಚಿತ ನಂಬರ್ 1800 116 117.

ಲೇಬಲ್ ಯಾಕೆ ಮುಖ್ಯ ಅನ್ನೋದಕ್ಕೆ ಒಂದೇ ಉದಾಹರಣೆ. ಪ್ಯಾರಾಕ್ವಾಟ್ ಕಳೆನಾಶಕ ಬಿಸಿಲಿದ್ದ ದಿನ ಹೊಡೆದರೆ ಕೆಲವೇ ಗಂಟೆಗಳಲ್ಲಿ ಕಳೆ ಬಾಡೋದನ್ನ ನೋಡಿರ್ತೀರಿ. ಬೆಳಕು ಮತ್ತು ಆಕ್ಸಿಜನ್ ಬಳಸಿಕೊಂಡು ಅದು ಎಲೆಯನ್ನ ಒಳಗಿಂದ ಸುಡುತ್ತೆ. ಮನುಷ್ಯನ ಮೈಗೆ ಹೋದರೆ ಶ್ವಾಸಕೋಶದ ಕಣಗಳೇ ಅದನ್ನ ರಕ್ತದಿಂದ ಎಳೆದುಕೊಳ್ತವೆ, ಅಲ್ಲಿ ಆಕ್ಸಿಜನ್ ಸಿಕ್ಕಷ್ಟೂ ಸುಡುತ್ತೆ. ಉರಿಯೂತ ದಿನಗಟ್ಟಲೆ ನಡೆದು ಕೊನೆಗೆ ಗಾಯದ ಕಲೆಯಂತೆ ಗಟ್ಟಿಯಾಗುತ್ತೆ. ಅದಕ್ಕೆ ಪ್ರತಿವಿಷ ಇಲ್ಲ. ಡೀಸೆಲ್ ಹೋದವನಿಗೆ ಜೀವ ಕೊಡೋ ಆಕ್ಸಿಜನ್ನನ್ನೇ ಇಲ್ಲಿ ಡಾಕ್ಟರುಗಳು ತೀರಾ ಬೇಕಾಗೋವರೆಗೂ ಕೈ ಹಿಡಿದು ಕೊಡ್ತಾರೆ. ಬೆನ್ನಿನ ಪಂಪು ಸೋರಿ ಒದ್ದೆಯಾದ ಬಟ್ಟೆಯಲ್ಲೇ ದಿನವಿಡೀ ಹೊಡೆಯೋದು, ಗಾಯ ಇರೋ ಕೈಯಲ್ಲಿ ಕಲಸೋದು ಇವೂ ಅಪಾಯವೇ. ಈ ಬಾಟಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ಜೊತೆಗೆ ಕೂತು ಮಾತಾಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡ್ತಾರೆ.

ಇ.ಸಿ. ಅಂತ ಬರೆದಿರೋ ಕೀಟನಾಶಕಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲಿಯಂ ಜಾತಿಯ ದ್ರಾವಕ ಇರುತ್ತೆ. ಕಟ್ಟಿಕೊಂಡ ನಾಜಲನ್ನ ಬಾಯಿಂದ ಊದೋದನ್ನ ಬಿಡಿ, ಹಳೇ ಟೂತ್‌ಬ್ರಷ್ ಸಾಕು.

ಬಾಯಿ ಇಲ್ಲದೆ ಎಣ್ಣೆ ಇಳಿಸೋದು

ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಯಲ್ಲಿ ಅದುಮೋ ರಬ್ಬರ್ ಬುರುಡೆಯ ಪಂಪು ಸಿಗುತ್ತೆ. ನಮ್ಮ ಬೀದಿಯಲ್ಲಿ ಈಗ ಮೂರು ಮನೆಯಲ್ಲಿ ಅದಿದೆ. ಅದು ಇಲ್ಲದಿದ್ದರೆ, ಡ್ರಮ್ಮಿನ ಬಾಯಿ ಅಗಲವಿದ್ದಾಗ ಪೈಪನ್ನ ಪೂರ್ತಿ ಎಣ್ಣೆಯೊಳಗೆ ಮುಳುಗಿಸಿ, ಗಾಳಿ ಹೋಗಿ ಎಣ್ಣೆ ತುಂಬಿದ ಮೇಲೆ ಒಂದು ತುದಿಯನ್ನ ಹೆಬ್ಬೆರಳಲ್ಲಿ ಮುಚ್ಚಿ ಹೊರಗೆ ತೆಗೆದು, ಎಣ್ಣೆಯ ಮಟ್ಟಕ್ಕಿಂತ ಕೆಳಗಿರೋ ಕ್ಯಾನಿಗೆ ಬಿಡಿ. ಕೈಗವಸು ಹಾಕಿದ್ದರೆ ಒಳ್ಳೇದು. ಟ್ಯಾಂಕಿಗೆ ಡ್ರೈನ್ ಪ್ಲಗ್ ಇದ್ದರೆ ಇದ್ಯಾವ ತಾಪತ್ರಯವೂ ಇಲ್ಲ.

ಇಳಿಸಿದ್ದನ್ನ ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಮಾತ್ರ ತುಂಬಿಡಬೇಡಿ. ಬ್ರಷ್ ಕಟರಿಗೆ ಟು-ಟಿ ಆಯಿಲ್ ಬೆರೆಸಿದ ಪೆಟ್ರೋಲು ಬಣ್ಣ ಬಂದು ಶರಬತ್ತಿನ ಥರ ಕಾಣುತ್ತೆ. ಮಕ್ಕಳು ಎತ್ತಿ ಕುಡಿದು ಆಸ್ಪತ್ರೆ ಸೇರೋದು ನಮ್ಮ ದೇಶದಲ್ಲಿ ಹೊಸದೇನಲ್ಲ.

ಗೊಟ್ಟ ಹಿಡಿಯೋವಾಗಲೂ ಇದೇ

ಹೊಟ್ಟೆ ಉಬ್ಬರಕ್ಕೆ ಎಣ್ಣೆ, ಜಂತುಹುಳಕ್ಕೆ ಔಷಧಿ ಅಂತ ದನಕ್ಕೆ ಗೊಟ್ಟದಲ್ಲಿ ಕುಡಿಸುವಾಗ ಮೂಗು ಹಿಡಿದು ತಲೆ ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆಳೆದು ಒಂದೇ ಸಲ ಸುರೀತಾರೆ. ನಾಲಿಗೆ ಎಳೆದರೆ ಅದಕ್ಕೆ ನುಂಗೋಕಾಗಲ್ಲ, ಗಾಳಿಕೊಳವೆಯ ಬಾಯಿ ಮುಚ್ಚಲ್ಲ. ಎಣ್ಣೆ ನೇರ ಶ್ವಾಸಕೋಶಕ್ಕೆ. ಒಂದೆರಡು ದಿನ ಬಿಟ್ಟು ಜ್ವರ, ಮೂಗಲ್ಲಿ ಸಿಂಬಳ, ಕತ್ತು ಚಾಚಿ ಉಸಿರಾಡೋದು, ಮೇವು ಬಿಡೋದು ಶುರುವಾದರೆ "ಹೊಟ್ಟೆ ಉಬ್ಬರ ವಾಸಿಯಾಯ್ತು, ಇದ್ಯಾವುದೋ ಹೊಸ ರೋಗ" ಅಂತಾರೆ. ಹೊಸದಲ್ಲ, ಆ ಗೊಟ್ಟದ್ದೇ.

ಕುಡಿಸುವಾಗ ಮುಸುಡಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಗೊಟ್ಟವನ್ನ ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಸಂದಿನಿಂದ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ, ನುಂಗಿದ್ದನ್ನ ನೋಡಿ ಮುಂದಿನದು ಬಿಡಿ. ನಾಲಿಗೆ ಮುಟ್ಟಬೇಡಿ. ಕೆಮ್ಮಿದರೆ ಅಲ್ಲೇ ನಿಲ್ಲಿಸಿ ತಲೆ ಕೆಳಗೆ ಬಿಟ್ಟುಬಿಡಿ. ಮಲಗಿಕೊಂಡು ಏಳಲಾರದ ದನಕ್ಕೆ, ಹಾಲುಜ್ವರದಲ್ಲಿ ಬಿದ್ದಿರೋ ಹಸುವಿಗೆ ಬಾಯಿಂದ ಏನೂ ಕುಡಿಸದೆ ಪಶುವೈದ್ಯರಿಗೆ ಫೋನ್ ಮಾಡಿ, ಕುಡಿಸಿದ್ದಾಗಲೇ ಆಗಿಹೋಗಿದ್ದರೆ ಏನು, ಎಷ್ಟು, ಎಷ್ಟು ಹೊತ್ತಿಗೆ ಅನ್ನೋದನ್ನೂ ಹೇಳಿ.